ಬೆಳಕಿಗೆ ಹೆದರುವ ಹೀರೋ! ಲಾಸ್ ಏಂಜಲೀಸ್‌ನಲ್ಲಿ ಒಂದು ವಿಚಿತ್ರ ಜಾತ್ರೆ

ಲಾಸ್ ಏಂಜಲೀಸ್ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಹಾಲಿವುಡ್ ತಾನೇ? ನನಗೂ ಅಷ್ಟೇ. 2002ರ ಮೇ ತಿಂಗಳಲ್ಲಿ ಆ ಊರಿಗೆ ಕಾಲಿಟ್ಟಾಗ ಗುಡ್ಡದ ಮೇಲಿನ ಆ ಬಿಳಿ ಅಕ್ಷರಗಳನ್ನು ಕಣ್ತುಂಬ ನೋಡಬೇಕು, ಸಿಮೆಂಟಿನಲ್ಲಿ ಮೂಡಿದ ತಾರೆಯರ ಪಾದದ ಪಕ್ಕ ನನ್ನ ಪಾದ ಇಟ್ಟು ಅಳೆಯಬೇಕು... ಇಷ್ಟೇ ಆಸೆ. ಎರಡೂ ನೆರವೇರಿತು. ಆದರೆ ಗೆಳೆಯರೇ, ಸಿನಿಮಾದ ಆ ರಾಜಧಾನಿಯಲ್ಲಿ ನನ್ನನ್ನು ಬೆರಗುಗೊಳಿಸಿದ ಲೈಟಿಂಗ್ ಯಾವ ಸಿನಿಮಾದ್ದೂ ಅಲ್ಲ. ಇನ್ನೂ ಮಾರುಕಟ್ಟೆಗೇ ಬರದಿದ್ದ ಒಂದು ವಿಡಿಯೋ ಗೇಮಿನದು ಎಂದರೆ ನಂಬುತ್ತೀರಾ?

ನಾನು ಕ್ಯಾಮರಾ ವಿಭಾಗದಲ್ಲಿ ಅಸಿಸ್ಟೆಂಟ್ ಆಗಿ ದುಡಿದವನು. ಬೇಬಿ, ಸೋಲಾರ್, ಕಟ್ಟರ್, ಥರ್ಮೋಕೋಲು... ಇವುಗಳ ನಡುವೆಯೇ ನನ್ನ ಯೌವನ ಕಳೆದದ್ದು. ಹೀರೋ ಮುಖದ ಮೇಲೆ ಬೆಳಕು ಬೀಳಿಸುವುದು ನಮ್ಮ ಕಸುಬು. ಬೆಳಕು ಬಿದ್ದರೆ ಸತ್ತೇ ಹೋಗುವ ಹೀರೋನನ್ನು ನಾನು ಕಂಡದ್ದು ಅಲ್ಲೇ ಮೊದಲು!

ಭಾವನ ಅಂಗಡಿ, ಭಾವನ ಚಿಂತೆ

ಹೋದದ್ದು ಅಕ್ಕನ ಮನೆಯ ಗೃಹಪ್ರವೇಶಕ್ಕೆ. ಭಾವ ತುಮಕೂರು ಕಡೆಯವರು. ಓದಲು ಹೋಗಿ, ಕೆಲಸ ಹಿಡಿದು, ಆಮೇಲೆ ಆ ಕೆಲಸವನ್ನೂ ಬಿಟ್ಟು, ಊರಾಚೆ ವಿಡಿಯೋ ಗೇಮ್ ಮಾರುವ ಪುಟ್ಟ ಅಂಗಡಿ ಇಟ್ಟಿದ್ದರು. ಹೋಳಿಗೆ ಊಟ ಅರಗುವ ಮೊದಲೇ ನನ್ನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ನೆಲದಿಂದ ಎದೆಯೆತ್ತರ ರಟ್ಟಿನ ಪೆಟ್ಟಿಗೆಗಳು!

‘ಇದೇನು ಭಾವ, ಇಷ್ಟೊಂದು ಸರಕು?’

‘ಸರಕಲ್ಲ ಕಣೋ, ಹೆಣ. ಹೋದ ಕ್ರಿಸ್‌ಮಸ್‌ಗೆ ತರಿಸಿದ್ದು. ಪೋಸ್ಟರ್ ನೋಡಿ, ಮಾರೋನ ಮಾತು ಕೇಳಿ ಮುನ್ನೂರು ತರಿಸಿದೆ. ಮೂವತ್ತು ಹೋಗಲಿಲ್ಲ.’

ನಮ್ಮ ಹಂಚಿಕೆದಾರರ ಕಥೆಯೇ ನೋಡಿ! ಸಿನಿಮಾ ಮುಗಿಯುವ ಮೊದಲೇ ಹೀರೋ ಹೆಸರು, ನಾಲ್ಕು ಸ್ಟಿಲ್ಲು ನೋಡಿ ಏರಿಯಾ ಕೊಳ್ಳುತ್ತಾರಲ್ಲ, ಅದೇ ಜೂಜು. ಅಲ್ಲಿ ನವೆಂಬರ್, ಡಿಸೆಂಬರ್ ವ್ಯಾಪಾರಕ್ಕೆ ಬೇಸಿಗೆಯಲ್ಲೇ ಲೆಕ್ಕ ಹಾಕಬೇಕು. ಗೆದ್ದ ಆಟದ ಎರಡನೇ ಭಾಗ, ಮೂರನೇ ಭಾಗವಾದರೆ ಕಣ್ಣು ಮುಚ್ಚಿ ತರಿಸಬಹುದು. ಹೊಸ ಹೆಸರಾದರೆ ದೇವರೇ ಗತಿ. ಇನ್ನೊಂದು ಸಲ ಹೀಗಾದರೆ ಅಂಗಡಿ ಬಾಗಿಲು ಹಾಕಬೇಕು, ಹೊಸ ಮನೆಯ ಸಾಲದ ಕಂತು ನಿಲ್ಲುತ್ತೆ. ಇದನ್ನು ಅಕ್ಕನಿಗೆ ಇನ್ನೂ ಹೇಳಿರಲಿಲ್ಲ ಅವರು.

‘ನಾಳಿದ್ದು ಇ-3 ಅಂತ ಜಾತ್ರೆ ಇದೆ. ಬರೀ ವ್ಯಾಪಾರದವರಿಗೆ. ಅಂಗಡಿ ಹೆಸರಲ್ಲಿ ಎರಡು ಪಾಸ್ ತಗೊಂಡಿದೀನಿ. ಒಂದು ಹೊಸ ಆಟ ಬರ್ತಾ ಇದೆ, ಎಲ್ಲರೂ ಅದರ ಲೈಟಿಂಗ್ ಬಗ್ಗೇನೇ ಮಾತಾಡ್ತಾರೆ. ನಿಂಗೆ ಲೈಟಿಂಗ್ ಗೊತ್ತು. ನೋಡಿ ನಿಜ ಹೇಳು’ ಅಂದರು.

ನನಗೆ ಎದೆ ಧಸಕ್ಕೆಂದಿತು. ಸೆಟ್ಟಿನಲ್ಲಿ ತಪ್ಪು ಲೈಟಿಂಗ್ ಆದರೆ ಒಂದು ರೀಟೇಕ್. ಇಲ್ಲಿ ಅಕ್ಕನ ಮನೆ!

ಬ್ರಾಡ್‌ವೇ ಎಂಬ ಕೆಂಪೇಗೌಡ ರಸ್ತೆ

ಮಧ್ಯೆ ಒಂದು ದಿನ ಬಿಡುವಿತ್ತು. ಊರು ಸುತ್ತಿದೆ. ಡೌನ್‌ಟೌನ್‌ನಲ್ಲಿ ಬ್ರಾಡ್‌ವೇ ಎಂಬ ರಸ್ತೆ ಇದೆ. ಕೆಲವೇ ಫರ್ಲಾಂಗಿನಲ್ಲಿ 12 ಹಳೆಯ ಚಿತ್ರಮಂದಿರಗಳು! ಒಂದೊಂದೂ ಅರಮನೆಯೇ. ಅಲ್ಲಿಯ ಲಾಸ್ ಏಂಜಲೀಸ್ ಥಿಯೇಟರ್ 1931ರಲ್ಲಿ ಬಾಗಿಲು ತೆರೆದದ್ದು ಚಾಪ್ಲಿನ್‌ನ ‘ಸಿಟಿ ಲೈಟ್ಸ್’ ಚಿತ್ರದ ಮೊದಲ ಪ್ರದರ್ಶನದೊಂದಿಗೆ. ನಾನು ಹೋದಾಗ ಸಿನಿಮಾ ಇಲ್ಲ, ಜನ ಇಲ್ಲ. ಕೆಲವು ಮಂದಿರಗಳ ಮುಂಭಾಗದಲ್ಲಿ ಸರ, ಬಳೆ, ಅಗ್ಗದ ರೇಡಿಯೋ ಮಾರುವ ಅಂಗಡಿಗಳು. ನಮ್ಮ ಮೆಜೆಸ್ಟಿಕ್ ನೆನಪಾಗಿ ಹೊಟ್ಟೆ ಕಿವುಚಿತು. ಆ ಪ್ರದೇಶಕ್ಕೇ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸು ಹೋಯಿತು, ಹೆಸರು ಮಾತ್ರ ಬಸ್ಸಿನ ಬೋರ್ಡಿನ ಮೇಲೆ ಉಳಿಯಿತು.

ಅದೇ ರಸ್ತೆಯಲ್ಲಿ 1893ರಲ್ಲಿ ಕಟ್ಟಿದ ಬ್ರಾಡ್‌ಬರಿ ಬಿಲ್ಡಿಂಗ್ ಇದೆ. ‘ಬ್ಲೇಡ್ ರನ್ನರ್’ (1982) ನೋಡಿದವರಿಗೆ ಗೊತ್ತು. ಕಬ್ಬಿಣದ ಕಟಾಂಜನ, ಗಾಜಿನ ಚಾವಣಿಯಿಂದ ಇಳಿಯುವ ಬೆಳಕು, ಮೂಲೆಮೂಲೆಯಲ್ಲೂ ಕತ್ತಲು. ಆ ಕತ್ತಲಿಲ್ಲದಿದ್ದರೆ ಆ ಚಿತ್ರದ ಕೊನೆಯ ರೀಲುಗಳೇ ಇಲ್ಲ!

ಅಲ್ಲಿಂದ ನೆಲದಡಿಯ ರೈಲು ಹತ್ತಿ ಹಾಲಿವುಡ್‌ಗೆ. ಮೆಟ್ಟಿಲು ಹತ್ತಿ ಹೊರಗೆ ಬಂದರೆ ಒಂದು ಕಡೆ 1927ರ ಚೈನೀಸ್ ಥಿಯೇಟರ್, ಪಕ್ಕದಲ್ಲೇ ಹೊಚ್ಚ ಹೊಸ ಕೊಡಾಕ್ ಥಿಯೇಟರ್. ಈಗ ಅದರ ಹೆಸರು ಡಾಲ್ಬಿ. ಬರೀ ಎರಡು ತಿಂಗಳ ಹಿಂದೆ, 2002ರ ಮಾರ್ಚ್ 24ರಂದು, ಅದೇ ಕಟ್ಟಡದಲ್ಲಿ ನಮ್ಮ ‘ಲಗಾನ್’ ಆಸ್ಕರ್‌ಗೆ ಕಾದು ಕುಳಿತಿತ್ತು. ಬಾಸ್ನಿಯಾದ ‘ನೋ ಮ್ಯಾನ್ಸ್ ಲ್ಯಾಂಡ್’ ಗೆದ್ದಿತು. ಆ ಬಾಗಿಲ ಮುಂದೆ ನಿಂತು ಒಂದು ನಿಟ್ಟುಸಿರು ಬಿಟ್ಟು ಮನೆಗೆ ಬಂದೆ. ಇರಲಿ, ವಿಷಯಕ್ಕೆ ಬರೋಣ.

ಅಬ್ಬಬ್ಬಾ ಆ ಗದ್ದಲ!

ಇ-3 ಎಂದರೆ ವಿಡಿಯೋ ಗೇಮ್ ಕಂಪನಿಗಳ ವ್ಯಾಪಾರ ಮೇಳ. 1995ರಲ್ಲಿ ಮೊದಲ ಸಲ ಇದೇ ಊರಿನಲ್ಲಿ ನಡೆಯಿತು. ಫಿಗರೋವಾ ರಸ್ತೆಯ ಕನ್ವೆನ್ಷನ್ ಸೆಂಟರ್ ಎಷ್ಟು ದೊಡ್ಡದೆಂದರೆ ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿ ಕಾಣದು. 18 ತುಂಬದವರಿಗೆ ಪ್ರವೇಶವಿಲ್ಲ. ಆದರೆ ಒಳಗೆ ಹೋದರೆ ಎಲ್ಲರೂ ಹತ್ತು ವರ್ಷದ ಹುಡುಗರೇ!

ನಮ್ಮ ದಸರಾ ವಸ್ತುಪ್ರದರ್ಶನವನ್ನು ಒಂದು ಸೂರಿನ ಕೆಳಗೆ ತಂದು, ಎಲ್ಲ ಮೈಕುಗಳನ್ನೂ ಒಟ್ಟಿಗೆ ಕೂಗಿಸಿದರೆ ಹೇಗಿರುತ್ತೆ? ಹಾಗಿತ್ತು. ಮನೆಯೆತ್ತರದ ಪರದೆಗಳು, ಎದೆಯೊಳಗೆ ಗುದ್ದುವ ಸ್ಪೀಕರುಗಳು, ಕಾಲಿಡಲು ಜಾಗವಿಲ್ಲದ ಕ್ಯೂಗಳು. ನೆಲಮಾಳಿಗೆಯ ಕೆಂಟಿಯಾ ಹಾಲ್‌ನಲ್ಲಿ ಮಾತ್ರ ಬಡಪಾಯಿ ಸಣ್ಣ ಕಂಪನಿಗಳು, ಸಂತೆಯ ಕೊನೆಯಲ್ಲಿ ಕೂತ ತರಕಾರಿಯವರ ಹಾಗೆ.

ಆ ವರ್ಷ ಯುದ್ಧ ಜೋರಾಗಿತ್ತು. ಮೇಳಕ್ಕೆ ಮುಂಚಿನ ದಿನಗಳಲ್ಲೇ ಸೋನಿಯವರು ಪ್ಲೇಸ್ಟೇಷನ್-2ರ ಬೆಲೆಯನ್ನು 199 ಡಾಲರಿಗೆ ಇಳಿಸಿದರು. ಮೈಕ್ರೋಸಾಫ್ಟ್‌ನವರು ಎಕ್ಸ್‌ಬಾಕ್ಸನ್ನೂ ಅಷ್ಟಕ್ಕೇ ತಂದರು. ನಿಂಟೆಂಡೊದವರು ಗೇಮ್‌ಕ್ಯೂಬನ್ನು 149ಕ್ಕೆ! ಪೆಟ್ಟಿಗೆ ಅಗ್ಗವಾದರೆ ಆಟ ಕೊಳ್ಳುವವರು ಹೆಚ್ಚಾಗುತ್ತಾರೆ ಎಂದು ಭಾವನಿಗೆ ಖುಷಿ. ಯಾವ ಆಟ ಕೊಳ್ಳುತ್ತಾರೆ ಎಂಬುದೇ ಚಿಂತೆ.

ಹಸಿರು ದೀಪಗಳ ನಡುವೆ, ಎಕ್ಸ್‌ಬಾಕ್ಸ್ ಪರದೆಗಳ ಮುಂದೆ ಒಂದು ಕ್ಯೂ ನಿಂತಿತ್ತು. ವಿಚಿತ್ರವೆಂದರೆ ಆ ಕ್ಯೂನಲ್ಲಿ ಮಾತ್ರ ಯಾರೂ ಕೂಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ನಿಂತಿದ್ದರು. ‘ಇದೇ ನೋಡೋ’ ಅಂದರು ಭಾವ.

ಆಟದ ಹೆಸರು ‘ಸ್ಪ್ಲಿಂಟರ್ ಸೆಲ್’.

ಬಚ್ಚಿಟ್ಟುಕೊಳ್ಳುವವನೇ ಗಂಡುಗಲಿ

ನಮ್ಮ ಪತ್ತೇದಾರಿ ಚಿತ್ರಗಳನ್ನು ನೆನಪು ಮಾಡಿಕೊಳ್ಳಿ. ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’. ಅಣ್ಣಾವ್ರು ಸೂಟು ಬೂಟು ತೊಟ್ಟು ಠೀವಿಯಿಂದ ಬಂದರೆ ಇಡೀ ಟಾಕೀಸು ಶಿಳ್ಳೆ ಹೊಡೆಯುತ್ತಿತ್ತು. ಗೂಢಚಾರ ಎಂದರೆ ಗುಟ್ಟಾಗಿ ಚರಿಸುವವನು. ಆದರೆ ಸಿನಿಮಾದ ಗೂಢಚಾರ ಗುಟ್ಟಾಗಿದ್ದರೆ ನಮಗೆ ಕೊಟ್ಟ ದುಡ್ಡು ವಸೂಲಾದೀತೇ?

ಈ ‘ಅಡಗಿ ಆಡುವ’ ಆಟಗಳು ಹಾಗಲ್ಲ. ಅಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಿ ಬರುವವನೇ ಗಂಡುಗಲಿ. 1981ರಲ್ಲೇ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ ಎಂಬ ಆಟ ಬಂದಿತ್ತು. 1987ರಲ್ಲಿ ಜಪಾನಿನ ಹಿಡಿಯೊ ಕೊಜಿಮಾ ‘ಮೆಟಲ್ ಗೇರ್’ ಮಾಡಿದ. ಅವನು ನಮ್ಮ ನಿಮ್ಮಂಥ ಸಿನಿಮಾ ಹುಚ್ಚ! ಅವನ ಹೀರೋ ‘ಸ್ನೇಕ್’ ಎಂಬ ಹೆಸರು ಪಡೆದದ್ದೇ ‘ಎಸ್ಕೇಪ್ ಫ್ರಂ ನ್ಯೂಯಾರ್ಕ್’ (1981) ಚಿತ್ರದ ಕರ್ಟ್ ರಸೆಲ್‌ನ ಪಾತ್ರದಿಂದ. 1998ರಲ್ಲಿ ‘ಥೀಫ್’ ಎಂಬ ಆಟ ಬಂದು, ನೀನು ಎಷ್ಟು ಕತ್ತಲಲ್ಲಿದ್ದೀಯ ಎಂದು ತೋರಿಸುವ ಒಂದು ಪುಟ್ಟ ಹರಳನ್ನು ಪರದೆಯ ಅಡಿಯಲ್ಲಿ ಇಟ್ಟಿತು.

‘ಸ್ಪ್ಲಿಂಟರ್ ಸೆಲ್’ ಮಾಡಿದವರು ಕೆನಡಾದ ಮಾಂಟ್ರಿಯಲ್ ಊರಿನಲ್ಲಿದ್ದ ಯೂಬಿಸಾಫ್ಟ್ ಸ್ಟುಡಿಯೋದವರು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಟಾಮ್ ಕ್ಲಾನ್ಸಿ ಹೆಸರು. ಶಾನ್ ಕಾನರಿ ನಟಿಸಿದ ‘ದಿ ಹಂಟ್ ಫಾರ್ ರೆಡ್ ಅಕ್ಟೋಬರ್’ (1990) ಚಿತ್ರದ ಮೂಲ ಕಾದಂಬರಿ ಬರೆದವನು ಅವನೇ. ‘ಹೆಸರು ಅವನದು, ಕಥೆ ಬೇರೆಯವರದು. ಹೋದ ಸಲಾನೂ ಪೋಸ್ಟರ್ ಮೇಲೆ ದೊಡ್ಡ ಹೆಸರೇ ಇತ್ತು’ ಎಂದು ಭಾವ ಮುಖ ಹುಳ್ಳಗೆ ಮಾಡಿದರು.

ಹೀರೋ ಹೆಸರು ಸ್ಯಾಮ್ ಫಿಷರ್. ಹುಡುಗನಲ್ಲ, ಕೂದಲು ನರೆಯುತ್ತಿರುವ, ಒಬ್ಬ ಮಗಳಿರುವ ಮನುಷ್ಯ. ಕಂಠ ಕೊಟ್ಟವರು ಮೈಕೆಲ್ ಐರನ್‌ಸೈಡ್. ‘ಟೋಟಲ್ ರೀಕಾಲ್’ (1990) ಚಿತ್ರದಲ್ಲಿ ಶ್ವಾರ್ಜ್‌ನೆಗರ್‌ನ ಬೆನ್ನು ಹತ್ತಿ ಹೋಗುವ ಆ ಖಳ! ‘ಸ್ಕ್ಯಾನರ್ಸ್’ (1981) ಚಿತ್ರದಲ್ಲೂ ಖಳನೇ. ಜೀವಮಾನವೆಲ್ಲ ವಿಲನ್ ಆಗಿದ್ದವರನ್ನು ಕರೆದು ಹೀರೋ ಮಾಡಿದ್ದರು. ಜಲ್ಲಿಕಲ್ಲಿನ ಮೇಲೆ ಲಾರಿ ಹೋದಂಥ ಆ ದನಿ ಕೇಳಿಯೇ ನಾನು ಅರ್ಧ ಸೋತೆ.

ಬಲ್ಬು ಒಡೆದರೆ ಬದುಕು

ಮುಂದೆ ಒಬ್ಬ ಕಟ್ಟುಮಸ್ತಾದ ಅಮೆರಿಕನ್ ಹುಡುಗ ಆಡುತ್ತಿದ್ದ. ಮಾಮೂಲಿ ಫೈಟಿಂಗ್ ಆಟವೆಂದು ತಿಳಿದು ಎದೆ ಸೆಟೆಸಿ ದೀಪದ ಕೆಳಗೇ ನಡೆದ. ಎರಡು ಗುಂಡು... ಢಮಾರ್! ಮತ್ತೆ ಬಂದ. ಈ ಸಲ ಓಡಿದ. ಬೂಟಿನ ಸದ್ದು ಕೇಳಿ ಕಾವಲುಗಾರರು ತಿರುಗಿದರು. ಮತ್ತೆ ಢಮಾರ್! ಮೂರನೇ ಸಲ ಸೋತವನು ಕೈಪೆಟ್ಟಿಗೆ ಕೊಟ್ಟು ಹೋದ. ಭಾವನ ಮುಖದಲ್ಲಿ ರಕ್ತವೇ ಇಲ್ಲ. ‘ನೋಡಿದ್ಯಾ? ನನ್ನ ಗಿರಾಕಿಗಳೆಲ್ಲ ಇಂಥೋರೇ ಕಣೋ.’

ನನ್ನ ಸರದಿ ಬಂತು. ಆಗಿನ ಎಕ್ಸ್‌ಬಾಕ್ಸ್‌ನ ಕೈಪೆಟ್ಟಿಗೆ ಎಷ್ಟು ದೊಡ್ಡದಿತ್ತೆಂದರೆ, ಹಿಡಿದರೆ ಎರಡು ರಾಗಿಮುದ್ದೆ ಒಟ್ಟಿಗೆ ಹಿಡಿದ ಹಾಗೆ. ಪರದೆಯ ಮೇಲೆ ರಾತ್ರಿ. ಒಂದು ಕಟ್ಟಡದ ಓಣಿ, ದೂರದಲ್ಲಿ ಒಂದು ಬಲ್ಬು, ಅದರಡಿ ಅತ್ತಿಂದಿತ್ತ ತಿರುಗುವ ಒಬ್ಬ ಕಾವಲುಗಾರ. ಕೆಳಗೆ ಮೂಲೆಯಲ್ಲಿ ಒಂದು ಸಣ್ಣ ಅಳತೆಪಟ್ಟಿ. ಅದು ಏನು ಗೊತ್ತೇ? ಲೈಟ್ ಮೀಟರ್! ನಾನು ದಿನಾ ಕೊರಳಿಗೆ ನೇತು ಹಾಕಿಕೊಳ್ಳುವ ಅದೇ ಸಾಮಾನು! ಎಡಕ್ಕೆ ಹೋದಷ್ಟೂ ಕತ್ತಲು, ಬಲಕ್ಕೆ ಹೋದಷ್ಟೂ ಬೆಳಕು. ನಾವು ಸೆಟ್ಟಿನಲ್ಲಿ ಮುಳ್ಳು ಮೇಲೇರಿಸಲು ಒದ್ದಾಡಿದರೆ ಇಲ್ಲಿ ಇಳಿಸಲು ಒದ್ದಾಡಬೇಕು.

ಬೆರಳು ಮೆಲ್ಲಗೆ ಒತ್ತಿದರೆ ಸ್ಯಾಮ್ ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಾನೆ. ಪೂರ್ತಿ ಒತ್ತಿದರೆ ಓಡುತ್ತಾನೆ, ಸದ್ದಾಗುತ್ತೆ. ನಾನು ಗೋಡೆಗೆ ಒತ್ತಿಕೊಂಡು ಕೂತೆ. ಕಾವಲುಗಾರ ಬಂದ... ನನ್ನ ಮಗ್ಗುಲಲ್ಲೇ ನಿಂತ... ಹೋದ. ಅವನ ನೆರಳು ನೆಲದ ಮೇಲೆ ಉದ್ದವಾಗಿ ಎಳೆದುಕೊಂಡು, ದೀಪ ದಾಟಿದ ಕೂಡಲೇ ಗಿಡ್ಡವಾಗಿ, ಆಮೇಲೆ ಮುಂದಕ್ಕೆ ಚಾಚಿತು. ಲೆಕ್ಕ ತಪ್ಪಲಿಲ್ಲ! ಹಾಗೇ ಅಲ್ಲವೇ ನಿಜವಾದ ನೆರಳು?

ಪಿಸ್ತೂಲು ತೆಗೆದೆ. ಕಾವಲುಗಾರನ ಕಡೆಗಲ್ಲ, ಬಲ್ಬಿನ ಕಡೆಗೆ. ಪುಸ್ ಎಂದಿತು. ಓಣಿ ಕಪ್ಪಾಯಿತು. ಅವನು ಗಾಬರಿಯಿಂದ ಗೋಡೆ ತಡವಿದ. ನಾನು ಕನ್ನಡಕ ಇಳಿಸಿದೆ. ಮೂರು ಹಸಿರು ಚುಕ್ಕಿ ಮಿನುಗಿ, ಕತ್ತಲೆಲ್ಲ ಬೂದುಬೂದಾಗಿ ತೆರೆದುಕೊಂಡಿತು. ಅವನಿಗೆ ಕಾಣದ್ದು ನನಗೆ ಕಾಣುತ್ತಿದೆ! ಹಿಂದಿನಿಂದ ಹೋಗಿ ಕೊರಳು ಹಿಡಿದು, ಅವನನ್ನೇ ಗುರಾಣಿ ಮಾಡಿಕೊಂಡು ಮೂಲೆಗೆ ಎಳೆದೊಯ್ದೆ. ಕೊಲ್ಲಲಿಲ್ಲ. ಮಲಗಿಸಿ, ದೀಪ ಬೀಳದ ಕಡೆ ಸರಿಸಿದೆ. ಬೆಳಕಿನಲ್ಲಿ ಬಿಟ್ಟರೆ ಇನ್ನೊಬ್ಬ ನೋಡಿ ಗಂಟೆ ಬಾರಿಸುತ್ತಾನೆ.

ಎಷ್ಟು ಹೊತ್ತು ಆಡಿದೆನೋ! ಹತ್ತು ನಿಮಿಷವಿರಬಹುದು. ಆ ಹತ್ತು ನಿಮಿಷದಲ್ಲಿ ಹಾರಿಸಿದ್ದು ಒಂದೇ ಗುಂಡು. ಆ ಗದ್ದಲದ ಜಾತ್ರೆಯಲ್ಲಿ ನನ್ನ ಕಿವಿಗೆ ನನ್ನ ಉಸಿರು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮೇಲ್ವಿಚಾರಣೆಯ ಹುಡುಗಿ ಭುಜ ತಟ್ಟಿ ‘ಟೈಮ್ ಆಯ್ತು’ ಎಂದಾಗ ಬೆಚ್ಚಿಬಿದ್ದೆ. ಹಿಂದೆ ತಿರುಗಿದರೆ, ಸೋತು ಹೋಗಿದ್ದ ಆ ಅಮೆರಿಕನ್ ಹುಡುಗ ಮತ್ತೆ ಕ್ಯೂನ ಕೊನೆಯಲ್ಲಿ ನಿಂತಿದ್ದ!

‘ಭಾವ, ಅವನನ್ನ ನೋಡಿ’ ಅಂದೆ. ಭಾವ ಅವನನ್ನೇ ಬಹಳ ಹೊತ್ತು ನೋಡಿದರು.

ದೀಪದ ಕಣ್ಣು

ಊಟದ ಹೊತ್ತಿಗೆ ಹೊರಗೆ ಮೆಟ್ಟಿಲ ಮೇಲೆ ಕೂತು ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ಬಿಚ್ಚಿದೆವು. ‘ಈಗ ಹೇಳು’ ಅಂದರು.

ನಾನು ತಿಳಿದದ್ದು ಹೇಳಿದೆ. ಅಲ್ಲಿಯವರೆಗಿನ ಆಟಗಳಲ್ಲಿ ನೆರಳು ಎಂದರೆ ಹೆಚ್ಚಾಗಿ ನೆಲಕ್ಕೆ ಬಳಿದ ಬಣ್ಣ. ನಾಟಕದ ಪರದೆಯ ಮೇಲೆ ಬರೆದ ಮರದ ನೆರಳಿನ ಹಾಗೆ, ಅಲುಗಾಡುವುದಿಲ್ಲ. ಇಲ್ಲಿ ಯಂತ್ರವು ದೃಶ್ಯವನ್ನು ಮೊದಲು ದೀಪದ ಕಣ್ಣಿನಿಂದ ನೋಡುತ್ತದೆ. ದೀಪಕ್ಕೆ ಏನು ಕಾಣುತ್ತದೋ ಅದು ಬೆಳಕು, ಏನು ಮರೆಯಾಗುತ್ತದೋ ಅದು ನೆರಳು. ಆಮೇಲೆ ನಮ್ಮ ಕಣ್ಣಿಗೆ ಚಿತ್ರ ಬರೆಯುತ್ತದೆ. ದೀಪ ಅಲುಗಾಡಿದರೆ ಮತ್ತೆ ಮೊದಲಿಂದ ಲೆಕ್ಕ. 733 ಮೆಗಾಹರ್ಟ್ಸ್‌ನ ಆ ಕಪ್ಪು ಪೆಟ್ಟಿಗೆಯೊಳಗಿನ ಚಿತ್ರದ ಚಿಪ್ಪಿಗೆ ಆ ಶಕ್ತಿ ಇತ್ತು. ನಮ್ಮ ಲೈಟ್‌ಬಾಯ್ ಏಣಿ ಹತ್ತಿ ಮಾಡುವುದನ್ನು ಅದು ಸೆಕೆಂಡಿಗೆ ಹಲವು ಸಲ ಮಾಡುತ್ತಿತ್ತು!

ಇನ್ನೊಂದು ಮಾತು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕೆ ಎರಡು ಕನ್ನಡಿ ಹಿಡಿಸಿ, ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಗೆ ಎಳೆದು ತಂದ ಕಥೆ ಕ್ಯಾಮರಾ ಹಿಡಿದವರಿಗೆಲ್ಲ ಗೊತ್ತು. ಆ ಕಿರಣ ಅಷ್ಟು ಚಂದ ಕಂಡದ್ದು ಸುತ್ತ ಕತ್ತಲನ್ನು ಅವರು ಹಾಗೇ ಬಿಟ್ಟಿದ್ದರಿಂದ. ಬೆಳಕು ಯಾರಾದರೂ ಹಾಕಬಹುದು. ಕತ್ತಲನ್ನು ಎಲ್ಲಿ ಬಿಡಬೇಕು ಎಂದು ತಿಳಿದವನು ಛಾಯಾಗ್ರಾಹಕ. ಈ ಆಟ ಮಾಡಿದವರಿಗೆ ಅದು ತಿಳಿದಿದೆ ಅಂದೆ.

‘ಅಂದ್ರೆ ತರಿಸಬಹುದು ಅಂತೀಯಾ?’

‘ಲೈಟಿಂಗ್ ಸುಳ್ಳಲ್ಲ ಭಾವ. ಅಷ್ಟು ಮಾತ್ರ ಹೇಳಬಲ್ಲೆ. ವ್ಯಾಪಾರ ನಿಮಗೆ ಬಿಟ್ಟದ್ದು. ಆದ್ರೆ ಅಕ್ಕನಿಗೆ ಹೇಳಿಯೇ ತರಿಸಿ.’

ಚಿತ್ರಾನ್ನದ ಡಬ್ಬಿ ಮುಚ್ಚಿದರು. ಮಾತಾಡಲಿಲ್ಲ. ಆ ರಾತ್ರಿ ಅಡಿಗೆಮನೆಯಲ್ಲಿ ಬಹಳ ಹೊತ್ತು ದೀಪ ಉರಿಯುತ್ತಿತ್ತು. ಅಕ್ಕನ ದನಿ ಒಮ್ಮೆ ಏರಿತು, ಆಮೇಲೆ ಇಳಿಯಿತು. ಬೆಳಿಗ್ಗೆ ಅಕ್ಕ ನನಗೆ ಕಾಫಿ ಕೊಡುತ್ತಾ, ‘ನೂರೈವತ್ತು ಅಂತ ಇಬ್ಬರೂ ಒಪ್ಪಿದೀವಿ’ ಎಂದಳು.

ಆಮೇಲೆ ಏನಾಯಿತು?

2002ರ ನವೆಂಬರಿನಲ್ಲಿ ‘ಸ್ಪ್ಲಿಂಟರ್ ಸೆಲ್’ ಅಮೆರಿಕದಲ್ಲಿ ಬಿಡುಗಡೆಯಾಯಿತು. ಕ್ರಿಸ್‌ಮಸ್ ಹೊತ್ತಿಗೆ ಅಕ್ಕನಿಂದ ಫೋನ್ ಬಂತು. ನೂರೈವತ್ತೂ ಖಾಲಿ! ಇನ್ನೂ ಬೇಕು ಎಂದು ಭಾವ ಹಂಚಿಕೆದಾರರ ಬಾಗಿಲು ಬಡಿಯುತ್ತಿದ್ದರಂತೆ. ಹಿಂದಿನ ಕೋಣೆಯ ಪೆಟ್ಟಿಗೆಗಳನ್ನು ಕೊನೆಗೆ ಅರ್ಧ ಬೆಲೆಗೆ ತಳ್ಳಿದರಂತೆ. ಅಂಗಡಿ ಉಳಿಯಿತು, ಮನೆಯೂ ಉಳಿಯಿತು.

ಆಟಕ್ಕೆ ಸಾಲುಸಾಲಾಗಿ ಮುಂದಿನ ಭಾಗಗಳು ಬಂದವು. 2005ರ ‘ಕೇಯಾಸ್ ಥಿಯರಿ’ ಎಲ್ಲಕ್ಕಿಂತ ಮಿಗಿಲು ಎನ್ನುವವರು ಬಹಳ. 2013ರ ‘ಬ್ಲಾಕ್‌ಲಿಸ್ಟ್’ನಲ್ಲಿ ಐರನ್‌ಸೈಡ್ ಬದಲು ಬೇರೊಬ್ಬರ ಕಂಠ. ಅಭಿಮಾನಿಗಳು ಗಲಾಟೆ ಮಾಡಿದರು. ಡಬ್ಬಿಂಗ್ ದನಿ ಬದಲಾದರೆ ನಾವು ಮಾಡುವುದಿಲ್ಲವೇ? ಹಾಗೆ. ಅದೇ ವರ್ಷ ಟಾಮ್ ಕ್ಲಾನ್ಸಿಯೂ ತೀರಿಕೊಂಡರು. 2021ರ ಡಿಸೆಂಬರ್‌ನಲ್ಲಿ ಮೊದಲ ಆಟವನ್ನೇ ಹೊಸದಾಗಿ ಮಾಡುತ್ತೇವೆ ಎಂದು ಯೂಬಿಸಾಫ್ಟ್‌ನವರು ಸಾರಿದರು. 2025ರಲ್ಲಿ ಸ್ಯಾಮ್ ಫಿಷರ್ ನೆಟ್‌ಫ್ಲಿಕ್ಸ್‌ನಲ್ಲಿ ಕಾರ್ಟೂನ್ ಸರಣಿಯ ಹೀರೋ ಕೂಡ ಆದ.

ನಾನು ಕಂಡ ಆ ಜಾತ್ರೆ ಮಾತ್ರ ಈಗಿಲ್ಲ. ಕೊರೊನಾ ಬಂದು 2020ರಲ್ಲಿ ನಿಂತಿತು. 2021ರಲ್ಲಿ ಬರೀ ಇಂಟರ್‌ನೆಟ್‌ನಲ್ಲಿ ನಡೆಯಿತು. 2023ರ ಡಿಸೆಂಬರ್‌ನಲ್ಲಿ ‘ಇ-3 ಇನ್ನು ಮುಂದೆ ಇಲ್ಲ’ ಎಂದು ನಡೆಸುವವರೇ ಪ್ರಕಟಿಸಿದರು. ಕಂಪನಿಗಳೆಲ್ಲ ತಮ್ಮ ತಮ್ಮ ಹೊಸ ಆಟವನ್ನು ತಾವೇ ಇಂಟರ್‌ನೆಟ್‌ನಲ್ಲಿ ತೋರಿಸತೊಡಗಿದ ಮೇಲೆ ಜಾತ್ರೆಗೆ ಯಾರು ಬರುತ್ತಾರೆ? ಸೋತ ಹುಡುಗ ನಾಚಿಕೆ ಬಿಟ್ಟು ಮತ್ತೆ ಕ್ಯೂನಲ್ಲಿ ನಿಂತದ್ದನ್ನು ಕಣ್ಣಾರೆ ನೋಡುವ ಅವಕಾಶ ಈಗಿನ ಅಂಗಡಿಯವನಿಗಿಲ್ಲ. ಭಾವನಿಗೆ ಬುದ್ಧಿ ಹೇಳಿದ್ದು ನನ್ನ ಲೈಟಿಂಗ್ ಪಾಂಡಿತ್ಯವಲ್ಲ, ಆ ಹುಡುಗನೇ ಎಂದು ನನ್ನ ನಂಬಿಕೆ.

ನೀವು ಆಡಬೇಕೆಂದಿದ್ದರೆ ಒಂದು ಕಿವಿಮಾತು. ರಾತ್ರಿ ಆಡಿ. ಕೋಣೆಯ ಲೈಟು ಆರಿಸಿ ಆಡಿ. ಕೈಯಲ್ಲಿ ಪಿಸ್ತೂಲಿದೆ ಎಂದು ಹುರುಪಿನಿಂದ ನುಗ್ಗಬೇಡಿ. ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ. ಕಚೇರಿಗೇ ನುಗ್ಗುವ ಒಂದು ಘಟ್ಟ ಬರುತ್ತೆ. ಅಲ್ಲಿ ಒಂದೇ ಒಂದು ಜೀವ ಹೋದರೂ ಆಟ ಮುಗಿಯಿತು! ತಾಳ್ಮೆ ಬೇಕು. ಕ್ಯೂನಲ್ಲಿ ನಿಂತು ಮೊದಲ ದಿನದ ಮೊದಲ ಆಟದ ಟಿಕೆಟ್ ಗಿಟ್ಟಿಸಿದ ನಮ್ಮ ಹುಡುಗರಿಗೆ ತಾಳ್ಮೆಯನ್ನು ಯಾರು ಕಲಿಸಬೇಕು, ಹೇಳಿ?